ಹಳೆಯ ಹಾಗೂ ವಿಂಟೇಜ್ ಮೋಟಾರು ಕಾರುಗಳ ವಿಮೆಗಾಗಿ ಮೌಲ್ಯಮಾಪನ: ವಾಹನ ಮಾಲೀಕರ ಮಾಹಿತಿಗಾಗಿ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆ ಮುಂತಾದ ಹಳೆಯ ಬಡಾವಣೆಗಳಲ್ಲಿ ಎರಡು ಮೂರು ತಲೆಮಾರುಗಳಿಂದ ಒಂದೇ ಕುಟುಂಬದಲ್ಲಿ ಉಳಿದುಬಂದಿರುವ ಮೋಟಾರು ಕಾರುಗಳು ಇಂದಿಗೂ ಇವೆ. ಫಿಯಟ್ 1100, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್, ಮಾರಿಸ್ ಮೈನರ್, ಆಸ್ಟಿನ್ ಮೊದಲಾದ ಈ ವಾಹನಗಳ ಪೈಕಿ ಕೆಲವು ಪ್ರತಿದಿನ ಓಡುತ್ತವೆ, ಕೆಲವು ಆಯುಧಪೂಜೆಯಂದು ಮಾತ್ರ ಶೆಡ್ಡಿನಿಂದ ಹೊರಬರುತ್ತವೆ. ಇಂತಹ ವಾಹನಕ್ಕೆ ಮೂರನೇ ವ್ಯಕ್ತಿ ವಿಮೆಯಷ್ಟೇ ಅಲ್ಲದೆ ವಾಹನದ ಸ್ವಂತ ಹಾನಿಗೂ ವಿಮೆ ಮಾಡಿಸಬಯಸುವ ಮಾಲೀಕರು, ಪಾಲಿಸಿಯಲ್ಲಿ ನಮೂದಿಸಬೇಕಾದ ಮೌಲ್ಯವನ್ನು ಯಾರು, ಹೇಗೆ ನಿರ್ಧರಿಸುತ್ತಾರೆ ಎಂಬುದನ್ನು ಮೊದಲೇ ತಿಳಿದಿರುವುದು ಅವಶ್ಯ.

ಪಾಲಿಸಿಯಲ್ಲಿ ನಮೂದಾಗುವ ಮೌಲ್ಯದ ಮಹತ್ವ

ಸ್ವಂತ ಹಾನಿ ವಿಮೆಯು ಐಡಿವಿ ಎಂದು ಕರೆಯಲಾಗುವ ‘ವಿಮಾದಾರರ ಘೋಷಿತ ಮೌಲ್ಯ’ವನ್ನು ಆಧರಿಸಿರುತ್ತದೆ. 2002ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಮೋಟಾರು ದರಪಟ್ಟಿಯು ಈ ಮೌಲ್ಯವನ್ನು ಲೆಕ್ಕ ಹಾಕಲು ಸವಕಳಿಯ ಕೋಷ್ಟಕವೊಂದನ್ನು ನೀಡಿತು. ಅದರಂತೆ 6 ತಿಂಗಳೊಳಗಿನ ವಾಹನಕ್ಕೆ ಶೇ. 5ರಷ್ಟು ಸವಕಳಿ ಆರಂಭವಾಗಿ, 4ರಿಂದ 5 ವರ್ಷದ ವಾಹನಕ್ಕೆ ಶೇ. 50 ಆಗುತ್ತದೆ. ಕೋಷ್ಟಕ ಅಲ್ಲಿಗೆ ಮುಗಿಯುತ್ತದೆ. 5 ವರ್ಷ ಮೀರಿದ ವಾಹನಗಳಿಗೂ ತಯಾರಿಕೆ ನಿಂತುಹೋದ ಮಾದರಿಗಳಿಗೂ ಮೌಲ್ಯವನ್ನು ವಿಮಾ ಕಂಪನಿ ಮತ್ತು ಮಾಲೀಕರು ಪರಸ್ಪರ ಒಪ್ಪಿಗೆಯಿಂದ ನಿರ್ಧರಿಸಿಕೊಳ್ಳಬೇಕು. ಈ ‘ಪರಸ್ಪರ ಒಪ್ಪಿಗೆ’ ಎಂಬುದು ಮಾಲೀಕರಿಗೆ ಇರುವ ಹಕ್ಕು. ಆದರೆ ಮಾಲೀಕರು ಏನೂ ಕೇಳದಿದ್ದಲ್ಲಿ ಹಿಂದಿನ ವರ್ಷದ ಅಂಕಿಯಿಂದ ಒಂದಿಷ್ಟು ಕಳೆದು ಹೊಸ ಅಂಕಿಯನ್ನು ಬರೆಯುವುದು ರೂಢಿಯಲ್ಲಿದೆ. ಹೊಸ ಕಾರಿಗೆ ಇದು ಸರಿಹೊಂದಬಹುದು. ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿರುವ ವಾಹನಕ್ಕೆ ಇದು ಸರಿಹೊಂದುವುದಿಲ್ಲ.

ಕಡಿಮೆ ಮೌಲ್ಯ ಬರೆಸಿದರೆ ವಿಮಾ ಕಂತು ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಪಾಲಿಸಿಯ ಷರತ್ತುಗಳಂತೆ ಲೆಕ್ಕ ಹಾಕಿದ ದುರಸ್ತಿ ವೆಚ್ಚವು ಘೋಷಿತ ಮೌಲ್ಯದ ಶೇ. 75ನ್ನು ಮೀರಿದರೆ, ದುರಸ್ತಿ ಸಾಧ್ಯವಿದ್ದರೂ ಆ ವಾಹನವನ್ನು ಸಂಪೂರ್ಣ ನಷ್ಟವಾದ ವಾಹನವೆಂದೇ ಪರಿಗಣಿಸಲಾಗುತ್ತದೆ. ಉದಾಹರಣೆಗೆ, ಮಾರುಕಟ್ಟೆಯಲ್ಲಿ 3,00,000 ರೂಪಾಯಿ ಬಾಳುವ ಫಿಯಟ್ ಕಾರಿಗೆ 60,000 ರೂಪಾಯಿ ಮೌಲ್ಯ ಬರೆಸಲಾಗಿದೆ ಎಂದು ಭಾವಿಸೋಣ. ಮುಂಗಾರುಪೂರ್ವ ಮಳೆಯ ಒಂದು ಸಂಜೆ ಮಲ್ಲೇಶ್ವರಂನ ಅಡ್ಡರಸ್ತೆಯೊಂದರಲ್ಲಿ ಮರದ ಕೊಂಬೆ ಬಿದ್ದು ಕಾರಿನ ಮೇಲ್ಛಾವಣಿ, ಬಾನೆಟ್, ಮುಂಭಾಗದ ಗಾಜು ಹಾಳಾಗುತ್ತವೆ. ಲೆಕ್ಕ ಹಾಕಿದ ದುರಸ್ತಿ ವೆಚ್ಚ 50,000 ರೂಪಾಯಿ. ಇದು 45,000 ರೂಪಾಯಿಯ ಮಿತಿಯನ್ನು ಮೀರಿರುವುದರಿಂದ ಕಾರು ಸಂಪೂರ್ಣ ನಷ್ಟದ ಪಟ್ಟಿಗೆ ಸೇರುತ್ತದೆ. ಮಾಲೀಕರಿಗೆ ಸಿಗುವುದು 60,000 ರೂಪಾಯಿ ಮತ್ತು ಅದರಿಂದಲೂ ಕಡ್ಡಾಯ ಕಡಿತ. ವಾಹನವನ್ನು ತಾವೇ ಉಳಿಸಿಕೊಳ್ಳುವುದಾದರೆ ಅವಶೇಷದ ಬೆಲೆಯೂ ಕಳೆಯಲ್ಪಡುತ್ತದೆ. ಜೊತೆಗೆ ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 55ರ ಮೇರೆಗೆ ನೋಂದಣಿ ರದ್ದತಿಯ ಪ್ರಶ್ನೆ ಎದುರಾಗುತ್ತದೆ. ಅದೇ ಕಾರಿಗೆ 3,00,000 ರೂಪಾಯಿ ಮೌಲ್ಯ ನಮೂದಾಗಿದ್ದಲ್ಲಿ ಮಿತಿ 2,25,000 ರೂಪಾಯಿ ಇರುತ್ತಿತ್ತು. ಕಾರು ದುರಸ್ತಿಯಾಗಿ ಮನೆಗೆ ಮರಳುತ್ತಿತ್ತು. ಕೊಂಬೆ ಬೀಳುವುದಕ್ಕೆ ಬಹು ಮೊದಲೇ, ಪಾಲಿಸಿಯಲ್ಲಿ ಬರೆದ ಅಂಕಿಯಿಂದಲೇ ಈ ತೀರ್ಮಾನ ಆಗಿರುತ್ತದೆ.

ಅತಿಯಾದ ಮೌಲ್ಯ ಬರೆಸುವುದೂ ಹಿತವಲ್ಲ. ಪ್ರತಿ ವರ್ಷ ಹೆಚ್ಚಿನ ಕಂತು ತೆರಬೇಕಾಗುವುದಲ್ಲದೆ, ಆಧಾರವಿಲ್ಲದ ಅಂಕಿಯು ಪರಿಹಾರ ಕೋರುವ ಸಮಯದಲ್ಲಿ ವಿವಾದಕ್ಕೆ ಎಡೆಮಾಡಿಕೊಡುತ್ತದೆ.

‘ವಿಂಟೇಜ್’ ಪದಕ್ಕೆ ಇರುವ ಎರಡು ಅರ್ಥಗಳು

ಅರ್ಜಿದಾರರಲ್ಲಿ ಹೆಚ್ಚು ಗೊಂದಲ ಉಂಟುಮಾಡುವ ವಿಷಯ ಇದು. ವಿಮೆಯ ದರಪಟ್ಟಿಯಲ್ಲಿ ಒಂದು ಅರ್ಥವಿದ್ದರೆ ನೋಂದಣಿಯ ನಿಯಮಗಳಲ್ಲಿ ಇನ್ನೊಂದು ಅರ್ಥವಿದೆ.

2002ರ ದರಪಟ್ಟಿಯ ಪ್ರಕಾರ, 1940ರ ಡಿಸೆಂಬರ್ 31ಕ್ಕೆ ಮೊದಲು ತಯಾರಾಗಿ, ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾ ಸಂಸ್ಥೆಯಿಂದ ದೃಢೀಕರಿಸಲ್ಪಟ್ಟ ಕಾರು ಮಾತ್ರ ವಿಂಟೇಜ್ ಕಾರು. ಇಂತಹ ಕಾರಿಗೆ ಸ್ವಂತ ಹಾನಿಯ ಕಂತಿನಲ್ಲಿ ಶೇ. 25ರಷ್ಟು ರಿಯಾಯಿತಿಯನ್ನು ಐಎಂಟಿ 9 ಎಂಬ ಹಿಂಬರಹದ ಮೂಲಕ ನೀಡಲಾಗುತ್ತಿತ್ತು. ಇದಕ್ಕಿಂತ ಮುಖ್ಯವಾದುದು ‘ಒಪ್ಪಿತ ಮೌಲ್ಯ ಪಾಲಿಸಿ’. ಇದರಲ್ಲಿ ಸಂಪೂರ್ಣ ನಷ್ಟವಾದಾಗ ಮೊದಲೇ ಒಪ್ಪಿಕೊಂಡ ಮೊತ್ತವನ್ನು ಸವಕಳಿ ಕಳೆಯದೆ ಪಾವತಿಸಲಾಗುತ್ತದೆ. ದರಪಟ್ಟಿಯು ಈ ಬಗೆಯ ಪಾಲಿಸಿಗೆ ವಿಂಟೇಜ್ ಕಾರುಗಳಿಗೆ ಮಾತ್ರ ಅವಕಾಶ ಕೊಟ್ಟಿತ್ತು. 2007ರ ಜನವರಿ 1ರಿಂದ ಸ್ವಂತ ಹಾನಿ ವಿಮೆಯ ದರಗಳು ಮುಕ್ತಗೊಂಡು ಪ್ರತಿ ಕಂಪನಿಯೂ ತನ್ನದೇ ದರವನ್ನು ನಿಗದಿಪಡಿಸುತ್ತಿದೆಯಾದರೂ, ಹಳೆಯ ದರಪಟ್ಟಿಯ ಪದಗಳೂ ಹಿಂಬರಹಗಳ ಸಂಖ್ಯೆಗಳೂ ಪಾಲಿಸಿಗಳಲ್ಲಿ ಮುಂದುವರಿದಿವೆ. ಆದುದರಿಂದ ಆಯಾ ಕಂಪನಿಯ ಪಾಲಿಸಿಯಲ್ಲಿ ‘ವಿಂಟೇಜ್’ ಎಂಬುದಕ್ಕೆ ಯಾವ ವ್ಯಾಖ್ಯೆ ಇದೆ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯುವುದು ಸೂಕ್ತ.

ಎರಡನೆಯ ಅರ್ಥ ಈಚಿನದು. 2021ರ ಜುಲೈ 15ರ ಅಧಿಸೂಚನೆಯ ಮೂಲಕ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ಕ್ಕೆ ಸೇರಿಸಲಾದ 81ಎ ಮತ್ತು ನಂತರದ ನಿಯಮಗಳಂತೆ, ಮೊದಲ ನೋಂದಣಿಯ ದಿನಾಂಕದಿಂದ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿಯೇ ಉಳಿಸಿಕೊಂಡಿರುವ, ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಮಾಡದಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಖಾಸಗಿ ವಾಹನಗಳು ವಿಂಟೇಜ್ ಮೋಟಾರು ವಾಹನಗಳಾಗುತ್ತವೆ. ಈ ಅರ್ಥದಲ್ಲಿ 1974ರಲ್ಲಿ ಮೊದಲು ನೋಂದಣಿಯಾದ ಕಾರಿಗೆ 2024ರಲ್ಲಿ 50 ವರ್ಷ ತುಂಬಿದೆ. (1970ರ ದಶಕದಲ್ಲಿ ಬೆಂಗಳೂರಿನಲ್ಲಿಯೇ ತಯಾರಾದ ಮೂರು ಚಕ್ರದ ‘ಬಾದಲ್’ ಕಾರುಗಳನ್ನು ಇಟ್ಟುಕೊಂಡಿರುವವರು ಚಕ್ರಗಳ ಸಂಖ್ಯೆಯನ್ನು ಕುರಿತ ಮಾತನ್ನು ಗಮನಿಸತಕ್ಕದ್ದು.) ‘ಕ್ಲಾಸಿಕ್’ ಎಂಬ ಪದಕ್ಕಾದರೋ ಈ ಎರಡರಲ್ಲಿಯೂ ಪ್ರತ್ಯೇಕ ಸ್ಥಾನವಿಲ್ಲ. 1980ರ ದಶಕದ ಕಾಂಟೆಸಾ ಅಥವಾ ಪ್ರೀಮಿಯರ್ ಪದ್ಮಿನಿ ಎಷ್ಟೇ ಅಂದವಾಗಿದ್ದರೂ, ಸದ್ಯಕ್ಕೆ ಅದು ವಿಮೆಯ ದೃಷ್ಟಿಯಲ್ಲಿ ಸಾಮಾನ್ಯ ಹಳೆಯ ಕಾರು. ಅದರ ಮೌಲ್ಯವನ್ನು ಪರಸ್ಪರ ಒಪ್ಪಿಗೆಯ ದಾರಿಯಿಂದಲೇ ನಿರ್ಧರಿಸಿಕೊಳ್ಳಬೇಕು.

ವಿಂಟೇಜ್ ನೋಂದಣಿ ಎಲ್ಲರಿಗೂ ಲಾಭಕರವೇ?

ವಿಂಟೇಜ್ ನೋಂದಣಿಗೆ ನಮೂನೆ 20ರಲ್ಲಿ, ಚಾಲ್ತಿಯಲ್ಲಿರುವ ವಿಮಾ ಪಾಲಿಸಿ, ಹಿಂದಿನ ನೋಂದಣಿ ಪತ್ರ, ಆಮದಾದ ವಾಹನವಾದಲ್ಲಿ ಬಿಲ್ ಆಫ್ ಎಂಟ್ರಿ ಇವುಗಳೊಡನೆ ಅರ್ಜಿ ಸಲ್ಲಿಸತಕ್ಕದ್ದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ನಂತರದ ಮರುನೋಂದಣಿಗೆ 5,000 ರೂಪಾಯಿ ಎಂದು ಅಧಿಸೂಚನೆಯಲ್ಲಿ ನಿಗದಿಯಾಗಿದೆ. ನಮೂನೆ 23ಎ ಪ್ರಮಾಣಪತ್ರವನ್ನು 60 ದಿನಗಳೊಳಗೆ ನೀಡಬೇಕಾಗಿದ್ದು, ಅದು 10 ವರ್ಷ ಊರ್ಜಿತದಲ್ಲಿರುತ್ತದೆ. ಈಗಾಗಲೇ ನೋಂದಣಿಯಾಗಿರುವ ವಾಹನ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ‘ಎಂವೈ’, ‘ಎಂಇ’ ಎಂದು ಆರಂಭವಾಗುವ ಹಳೆಯ ಸಂಖ್ಯಾಫಲಕವನ್ನು ಕಾರಿನಷ್ಟೇ ಜೋಪಾನ ಮಾಡಿಕೊಂಡು ಬಂದಿರುವ ಮನೆತನಗಳಿಗೆ ಇದು ಸಮಾಧಾನದ ಸಂಗತಿ. ವಾಹನವನ್ನು ಮಾರಿದಲ್ಲಿ ಕೊಂಡವರೂ ಮಾರಿದವರೂ 90 ದಿನಗಳೊಳಗೆ ತಿಳುವಳಿಕೆ ನೀಡತಕ್ಕದ್ದು.

2022ರ ಜೂನ್ 1ರಿಂದ ಜಾರಿಗೆ ಬಂದ ಮೂರನೇ ವ್ಯಕ್ತಿ ವಿಮೆಯ ನಿಯಮಗಳು, ವಿಂಟೇಜ್ ಕಾರಾಗಿ ನೋಂದಣಿಯಾದ ಖಾಸಗಿ ಕಾರಿಗೆ ಶೇ. 50ರಷ್ಟು ಕಂತನ್ನು ಮಾತ್ರ ವಿಧಿಸುತ್ತವೆ. ಆ ನಿಯಮಗಳಲ್ಲಿ ನಿಗದಿಯಾದಂತೆ 1000 ಸಿಸಿವರೆಗಿನ ಕಾರಿಗೆ ವಾರ್ಷಿಕ 2,094 ರೂಪಾಯಿ, 1000ಕ್ಕಿಂತ ಹೆಚ್ಚು ಮತ್ತು 1500 ಸಿಸಿವರೆಗೆ 3,416 ರೂಪಾಯಿ, 1500 ಸಿಸಿ ಮೀರಿದ ಕಾರಿಗೆ 7,897 ರೂಪಾಯಿ ಮೂಲ ಕಂತು, ಜಿಎಸ್‌ಟಿ ಪ್ರತ್ಯೇಕ. 1089 ಸಿಸಿಯ ಫಿಯಟ್ 1100 ಅಥವಾ 1489 ಸಿಸಿಯ ಹಳೆಯ ಅಂಬಾಸಿಡರ್‌ಗೆ ಉಳಿಯುವುದು ವರ್ಷಕ್ಕೆ 1,708 ರೂಪಾಯಿ, ಅಂದರೆ 10 ವರ್ಷಕ್ಕೆ 17,080 ರೂಪಾಯಿ. 20,000 ರೂಪಾಯಿ ಶುಲ್ಕ ತೆರಬೇಕಾದ ಸಂದರ್ಭದಲ್ಲಿ ರಿಯಾಯಿತಿಯ ಆಸೆಯೊಂದರಿಂದಲೇ ವಿಂಟೇಜ್ ನೋಂದಣಿಗೆ ಹೋಗುವುದು ಲಾಭಕರವಲ್ಲ. 1500 ಸಿಸಿ ಮೀರಿದ ದೊಡ್ಡ ಕಾರುಗಳಿಗೆ ಲೆಕ್ಕ ಬೇರೆಯಾಗುತ್ತದೆ.

ಹಣಕ್ಕಿಂತ ಮುಖ್ಯವಾದುದು ಬಳಕೆಯ ನಿರ್ಬಂಧ. ವಿಂಟೇಜ್ ಎಂದು ನೋಂದಣಿಯಾದ ವಾಹನವನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಅವುಗಳಿಗೆ ಹೋಗಿ ಬರುವುದು, ಇಂಧನ ಭರ್ತಿ ಮತ್ತು ನಿರ್ವಹಣೆ ಇವುಗಳಿಗಾಗಿ ಮಾತ್ರ ರಸ್ತೆಗೆ ತರಬಹುದು. ದಿನನಿತ್ಯದ ಅಥವಾ ವಾಣಿಜ್ಯ ಬಳಕೆಗೆ ಅವಕಾಶವಿಲ್ಲ. ಬೆಳಿಗ್ಗೆ ಗಾಂಧಿಬಜಾರಿಗೆ ಹೂವು ತರಕಾರಿಗೆ, ಸಂಜೆ ಮೊಮ್ಮಕ್ಕಳನ್ನು ಶಾಲೆಯಿಂದ ಕರೆತರಲು ಬಳಸುವ ಕಾರನ್ನು ವಿಂಟೇಜ್ ಆಗಿ ನೋಂದಾಯಿಸಿದರೆ, ಅಂತಹ ಓಡಾಟದಲ್ಲಿ ಅಪಘಾತವಾದಾಗ ಪಾಲಿಸಿಯ ‘ಬಳಕೆಯ ಮಿತಿ’ ಷರತ್ತಿನಡಿ ಪರಿಹಾರಕ್ಕೆ ಆಕ್ಷೇಪಣೆ ಬರಬಹುದು. ಅಂತಹ ವಾಹನದ ಮಾಲೀಕರು ಸಾಮಾನ್ಯ ನೋಂದಣಿಯನ್ನೇ ನಮೂನೆ 25ರ ಅರ್ಜಿಯ ಮೂಲಕ 5 ವರ್ಷಗಳಿಗೊಮ್ಮೆ ನವೀಕರಿಸಿಕೊಂಡು, ಸಾಮಾನ್ಯ ಪಾಲಿಸಿಯಲ್ಲಿಯೇ ಯೋಗ್ಯ ಮೌಲ್ಯವನ್ನು ನಮೂದಿಸಿಕೊಳ್ಳುವುದು ಮೇಲು.

ಮೌಲ್ಯಮಾಪನಕ್ಕೆ ಮೊದಲು ಸರಿಪಡಿಸಿಕೊಳ್ಳಬೇಕಾದ ದಾಖಲೆಗಳು

ಹಳೆಯ ಮನೆಗಳಲ್ಲಿನ ಕಾರುಗಳ ನೋಂದಣಿ ಪುಸ್ತಕ ಇನ್ನೂ ತಾತನ ಅಥವಾ ತಂದೆಯ ಹೆಸರಿನಲ್ಲಿಯೇ ಇರುವುದುಂಟು. ಮೃತರ ಹೆಸರಿನಲ್ಲಿ ವಿಮೆ ನವೀಕರಿಸುತ್ತಾ ಹೋದರೆ ಪರಿಹಾರ ಕೋರುವ ದಿನ ಹಕ್ಕು ಸಾಧಿಸುವುದು ಕಷ್ಟವಾಗುತ್ತದೆ. ನಿಯಮದಂತೆ ಉತ್ತರಾಧಿಕಾರಿಯು ಮಾಲೀಕರ ಮರಣವನ್ನು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, 3 ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಅವಧಿ ಮೀರಿದ್ದರೂ ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸಿ ವರ್ಗಾವಣೆಯನ್ನು ಮೊದಲು ಮುಗಿಸಿಕೊಳ್ಳುವುದು ಉಚಿತ. ಸಹೋದರ ಸಹೋದರಿಯರ ಒಪ್ಪಿಗೆ ಪತ್ರಗಳಿಗೆ ಸಮಯ ಹಿಡಿಯುವುದರಿಂದ ವಿಮೆಯ ನವೀಕರಣದ ದಿನಾಂಕಕ್ಕೆ ಸಾಕಷ್ಟು ಮೊದಲೇ ಆರಂಭಿಸತಕ್ಕದ್ದು. ನೋಂದಣಿ ಪುಸ್ತಕ ಕಳೆದುಹೋಗಿದ್ದಲ್ಲಿ ನಕಲು ಪ್ರತಿಗಾಗಿ ನಮೂನೆ 26 ಇದೆ. ಹಳೆಯ ಪುಸ್ತಕದ ವಿವರಗಳು ಗಣಕೀಕೃತ ‘ವಾಹನ್’ ದತ್ತಾಂಶದಲ್ಲಿ ಇವೆಯೇ ಎಂಬುದನ್ನೂ ಪರಿಶೀಲಿಸಿಕೊಳ್ಳಬೇಕು. ಈ ಬಡಾವಣೆಗಳಿಗೆ ಹತ್ತಿರವಿರುವ ಪ್ರಾದೇಶಿಕ ಸಾರಿಗೆ ಕಚೇರಿಗಳು ಜಯನಗರ (ಕೆಎ 05), ರಾಜಾಜಿನಗರ (ಕೆಎ 02) ಮತ್ತು ಯಶವಂತಪುರ (ಕೆಎ 04). ಮನೆಯ ವಿಳಾಸ ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೆಂಬುದನ್ನು ಮೊದಲು ತಿಳಿದುಕೊಳ್ಳತಕ್ಕದ್ದು.

ಎಂಜಿನ್ ಸಂಖ್ಯೆಯ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಪೆಟ್ರೋಲ್ ಬೆಲೆ ಏರಿದ ಕಾಲದಲ್ಲಿ ಅನೇಕ ಅಂಬಾಸಿಡರ್ ಮತ್ತು ಫಿಯಟ್ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸಲಾಯಿತು. ಕೆಲವಕ್ಕೆ ಗ್ಯಾಸ್ ಕಿಟ್ ಹಾಕಲಾಯಿತು. ನೋಂದಣಿ ಪತ್ರದಲ್ಲಿ ದಾಖಲಾಗದ ಮಾರ್ಪಾಡು ಅಧಿನಿಯಮದ ಪ್ರಕರಣ 52ಕ್ಕೆ ವಿರುದ್ಧವಾಗಿದ್ದು, ವಿಮಾ ಪರಿಹಾರಕ್ಕೂ ಅಡ್ಡಿಯಾಗುತ್ತದೆ. ಬಣ್ಣ ಬದಲಾಗಿದ್ದರೆ ಅದೂ ದಾಖಲಾಗಿರಬೇಕು.

ಮೌಲ್ಯಮಾಪನ ಮಾಡುವವರು ಯಾರು

ಖಾಸಗಿ ವಿಮೆಯ ಉದ್ದೇಶಕ್ಕೆ ವಾಹನದ ಬೆಲೆ ಕಟ್ಟುವುದು ನೋಂದಣಿ ಪ್ರಾಧಿಕಾರದ ಕೆಲಸವಲ್ಲ. ಯೋಗ್ಯತಾ ಪರಿಶೀಲನೆಯಲ್ಲಿ ಮೋಟಾರು ವಾಹನ ನಿರೀಕ್ಷಕರು ನೋಡುವುದು ವಾಹನ ರಸ್ತೆಗೆ ಯೋಗ್ಯವೇ ಎಂಬುದನ್ನು; ಅದರ ಬೆಲೆಯನ್ನಲ್ಲ. ಹಾಗೆಯೇ ವಿಂಟೇಜ್ ಕಾರುಗಳ ಕ್ಲಬ್ ನೀಡುವ ಪ್ರಮಾಣಪತ್ರ ವಾಹನದ ವಯಸ್ಸು ಮತ್ತು ನೈಜತೆಯನ್ನು ದೃಢೀಕರಿಸುತ್ತದೆ, ಅದು ಬೆಲೆಪತ್ರವಲ್ಲ. ಬೆಲೆಗಾಗಿ ಮೋಟಾರು ವಿಭಾಗದಲ್ಲಿ ಪರವಾನಗಿ ಪಡೆದ ವಿಮಾ ಸರ್ವೇಯರ್ ಒಬ್ಬರ, ಸಾಧ್ಯವಾದಲ್ಲಿ ಹಳೆಯ ಕಾರುಗಳನ್ನು ಬಲ್ಲವರ ವರದಿ ಪಡೆಯತಕ್ಕದ್ದು. ಬೆಂಗಳೂರಿನಲ್ಲಿ ಕಾರ್ಯನಿರ್ವಹಿಸುವ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್‌ನ ಸದಸ್ಯರಲ್ಲಿ ವಿಚಾರಿಸಿದರೆ ಆಯಾ ಮಾದರಿಯನ್ನು ಬಲ್ಲವರು ಯಾರೆಂದು ತಿಳಿಯಲು ಅನುಕೂಲವಾಗುತ್ತದೆ.

ಮಾಲೀಕರು ತಾವಾಗಿ ತರಿಸಿದ ವರದಿಯನ್ನು ವಿಮಾ ಕಂಪನಿ ಒಪ್ಪಲೇಬೇಕೆಂಬ ನಿಯಮವಿಲ್ಲ. ಆದಕಾರಣ ವರದಿಗೆ ಹಣ ತೆರುವ ಮೊದಲೇ ಕಂಪನಿಯ ವಿಭಾಗೀಯ ಕಚೇರಿಗೆ ಪತ್ರ ಬರೆದು, ಯಾರ ವರದಿಯನ್ನು ಒಪ್ಪಲಾಗುವುದು, ವರದಿ ಎಷ್ಟು ತಿಂಗಳೊಳಗಿನದಾಗಿರಬೇಕು ಎಂಬುದನ್ನು ತಿಳಿದುಕೊಳ್ಳತಕ್ಕದ್ದು. ಮಧ್ಯವರ್ತಿಯ ಬಾಯಿಮಾತಿನ ಭರವಸೆ ಇಲ್ಲಿ ಸಾಲದು.

ಪರಿಶೀಲನೆಯ ದಿನ

ವಾಹನವನ್ನು ತೊಳೆದು, ಆದರೆ ಹೊಸದಾಗಿ ಬಣ್ಣ ಬಳಿಸದೆ ತೋರಿಸುವುದು ಒಳ್ಳೆಯದು. ಪರಿಶೀಲನೆಗೆ ಮುನ್ನ ಆತುರದಲ್ಲಿ ಬಳಿದ ಬಣ್ಣ, ಕೆಳಗೆ ಏನನ್ನೋ ಮುಚ್ಚಲಾಗಿದೆಯೆಂಬ ಸಂಶಯವನ್ನೇ ಹುಟ್ಟಿಸುತ್ತದೆ. ಮೌಲ್ಯಮಾಪಕರು ಮೊದಲು ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ನೋಂದಣಿ ಪತ್ರದೊಡನೆ ತಾಳೆ ನೋಡಿ, ಚಾಸಿ ಸಂಖ್ಯೆಯ ಪೆನ್ಸಿಲ್ ಅಚ್ಚು ತೆಗೆದುಕೊಳ್ಳುತ್ತಾರೆ. ಸಂಖ್ಯೆಯ ಮೇಲೆ ಗ್ರೀಸ್, ಬಣ್ಣ, ತುಕ್ಕು ಕೂತಿದ್ದರೆ ಉಜ್ಜುಕಾಗದದಿಂದ ಉಜ್ಜಕೂಡದು; ಅಕ್ಷರ ಅಳಿಸಿಹೋದಲ್ಲಿ ಆಗುವ ತೊಂದರೆ ದೊಡ್ಡದು. ಸೀಮೆಎಣ್ಣೆ ಅದ್ದಿದ ಬಟ್ಟೆ ಸಾಕು.

ನಂತರ ತುಕ್ಕಿನ ಪರೀಕ್ಷೆ. ಅಂಬಾಸಿಡರ್ ಮತ್ತು ಫಿಯಟ್ 1100 ಕಾರುಗಳಲ್ಲಿ ಪ್ರತ್ಯೇಕ ಚಾಸಿ ಚೌಕಟ್ಟು ಇರುವುದಿಲ್ಲ. ಬಾಡಿಯೇ ಭಾರ ಹೊರುತ್ತದೆ. ಆದುದರಿಂದ ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಮೇಲಿನ ಕಮಾನು ಇವುಗಳಲ್ಲಿ ತೂತು ಬಿದ್ದಿದ್ದರೆ ಅದು ಅಂದದ ಕೊರತೆಯಷ್ಟೇ ಅಲ್ಲ, ಬಲದ ಕೊರತೆ. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಪ್ರತ್ಯೇಕ ಚೌಕಟ್ಟಿದೆ. ಅದರ ಬಾಡಿಯ ಹೊಳಪನ್ನು ನೋಡಿ ಮೋಸಹೋಗದೆ ಚೌಕಟ್ಟನ್ನೇ ಕೆಳಗಿನಿಂದ ನೋಡಬೇಕು. ತಗಡಿನ ಮೇಲೆ ಸಣ್ಣ ಅಯಸ್ಕಾಂತ ಹಿಡಿದರೆ ಪುಟ್ಟಿ ತುಂಬಿದ ಜಾಗ ತಾನೇ ತಿಳಿಯುತ್ತದೆ. ಅನುಭವಸ್ಥ ಮೌಲ್ಯಮಾಪಕರ ಜೇಬಿನಲ್ಲಿ ಅದು ಇದ್ದೇ ಇರುತ್ತದೆ.

ಬೆಲೆಯನ್ನು ಹೆಚ್ಚಿಸುವುದು ಬಹುಮಟ್ಟಿಗೆ ಸಣ್ಣ ವಸ್ತುಗಳು. ತಯಾರಕರ ಗುರುತಿರುವ ಮೂಲ ಗಾಜು, ದೀಪಗಳ ಮೂಲ ಉಂಗುರಗಳು, ಕ್ರೋಮ್ ಲೇಪನದ ಬಂಪರ್, ಡ್ಯಾಶ್‌ಬೋರ್ಡಿನ ಗಡಿಯಾರ, ಮೂಲ ಕಾರ್ಬ್ಯುರೇಟರ್, ಸ್ಟಿಯರಿಂಗ್ ಪಕ್ಕದ ಗೇರ್ ದಂಡ, ಜಾಕ್, ಸ್ಟಾರ್ಟಿಂಗ್ ಹ್ಯಾಂಡಲ್, ಸಲಕರಣೆಗಳ ಚೀಲ, ಮಾಲೀಕರ ಕೈಪಿಡಿ ಇವೆಲ್ಲವನ್ನೂ ತೆಗೆದು ತೋರಿಸಬೇಕು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಫಿಯಟ್, ಅಂಬಾಸಿಡರ್‌ಗಳ ಬ್ರೇಕ್, ಕ್ಲಚ್ ಭಾಗಗಳನ್ನು ಹುಡುಕಿ ತರಬಹುದು. ಮೂಲ ಟ್ರಿಮ್ ಪಟ್ಟಿ ಅಥವಾ ಲಾಂಛನ ಕಳೆದುಹೋದರೆ ಅದು ಸುಲಭವಾಗಿ ಸಿಗುವುದಿಲ್ಲ. ಮೂಲ ಸ್ವರೂಪ ಹೇಗಿರುತ್ತದೆಂದು ನೋಡಬಯಸುವವರಿಗೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿನ ಹಳೆಯ ಕಾರುಗಳ ಸಂಗ್ರಹ ಉಪಯುಕ್ತ.

ಒಳಗಿನಿಂದಲೂ ಹೊರಗಿನಿಂದಲೂ, ಎಂಜಿನ್ ಕೋಣೆ ಮತ್ತು ಕೆಳಭಾಗ ಸೇರಿದಂತೆ, ದಿನಾಂಕಸಹಿತ ಛಾಯಾಚಿತ್ರಗಳನ್ನು ವರದಿಗೆ ಲಗತ್ತಿಸತಕ್ಕದ್ದು. ಕಳವಾದ ಅಥವಾ ಬೆಂಕಿಗೆ ಆಹುತಿಯಾದ ವಾಹನ ಹಿಂದೆ ಹೇಗಿತ್ತೆಂದು ಹೇಳಲು ಇವಲ್ಲದೆ ಬೇರೆ ಸಾಕ್ಷಿ ಉಳಿಯುವುದಿಲ್ಲ.

ಬೆಲೆಯ ಆಧಾರ

ಒಳ್ಳೆಯ ವರದಿಯಲ್ಲಿ ಬೆಲೆ ಮಾತ್ರವಲ್ಲ, ಆ ಬೆಲೆಗೆ ಕಾರಣವೂ ಇರುತ್ತದೆ: ಅದೇ ಮಾದರಿಯ, ಅದೇ ಸ್ಥಿತಿಯ ವಾಹನಗಳು ಈಚೆಗೆ ಯಾವ ಬೆಲೆಗೆ ಕೈಬದಲಾದವು, ಈ ವಾಹನದಲ್ಲಿ ಮೂಲ ಭಾಗಗಳು ಎಷ್ಟು ಉಳಿದಿವೆ, ದುರಸ್ತಿ ಬಾಕಿ ಏನಿದೆ. ಜಾಹೀರಾತಿನಲ್ಲಿ ಕೇಳುವ ಬೆಲೆಯನ್ನು ಮಾರಾಟವಾದ ಬೆಲೆಯೆಂದು ತಿಳಿಯಲಾಗದು. ಜೀರ್ಣೋದ್ಧಾರಕ್ಕೆ ಮಾಡಿದ ಖರ್ಚಿನ ರಸೀದಿಗಳನ್ನು ಲಗತ್ತಿಸಬೇಕು. ಆದರೆ 4,00,000 ರೂಪಾಯಿ ಖರ್ಚಾಗಿದೆ ಎಂದ ಮಾತ್ರಕ್ಕೆ ಕಾರಿನ ಬೆಲೆ 4,00,000 ರೂಪಾಯಿ ಆಗುವುದಿಲ್ಲ. ಮನೆಯ ಮೊದಲ ಮದುವೆಯ ದಿಬ್ಬಣ ಆ ಕಾರಿನಲ್ಲಿ ಬಂದಿತ್ತೆಂಬ ಸಂಗತಿ ಎಷ್ಟೇ ಅಮೂಲ್ಯವಾದರೂ ಅದನ್ನು ಅಂಕಿಯಾಗಿಸಲು ಬರುವುದಿಲ್ಲ. ಮೊದಲ ಖರೀದಿಯ ರಸೀದಿ, ಹಳೆಯ ತೆರಿಗೆ ಚೀಟಿಗಳು, ಒಂದೇ ಕುಟುಂಬದ ಮಾಲೀಕತ್ವ ತೋರಿಸುವ ನೋಂದಣಿ ಪುಸ್ತಕ ಇವು ಮಾತ್ರ ಬೆಲೆಗೆ ಬಲ ಕೊಡುತ್ತವೆ.

ಪಾಲಿಸಿ ಕೈಸೇರಿದ ಮೇಲೆ

ಒಪ್ಪಿತ ಮೌಲ್ಯ ಪಾಲಿಸಿಯಾಗಿದ್ದಲ್ಲಿ ಆ ಮಾತು ಪಾಲಿಸಿಯ ಮೇಲೆಯೇ ಬರೆದಿರಬೇಕು. ಅಂತಹ ಪಾಲಿಸಿಯೂ ಸವಕಳಿ ಕಳೆಯದಿರುವುದು ಸಂಪೂರ್ಣ ನಷ್ಟದಲ್ಲಿ ಮಾತ್ರ ಎಂಬುದನ್ನು ನೆನಪಿಡತಕ್ಕದ್ದು. ಭಾಗಶಃ ಹಾನಿಯಲ್ಲಿ ಸಾಮಾನ್ಯ ಷರತ್ತಿನಂತೆ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ, ಟೈರು ಬ್ಯಾಟರಿಗಳಿಗೆ ಶೇ. 50, ಫೈಬರ್ ಗ್ಲಾಸ್‌ಗೆ ಶೇ. 30, ಲೋಹದ ಭಾಗಗಳಿಗೆ ವಾಹನಕ್ಕೆ 10 ವರ್ಷ ಮೀರಿದ್ದರೆ ಶೇ. 50 ಸವಕಳಿ ಕಳೆಯಲಾಗುತ್ತದೆ. ಗಾಜಿಗೆ ಸವಕಳಿ ಇಲ್ಲ. 40,000 ರೂಪಾಯಿಯ ಬಂಪರ್‌ಗೆ 20,000 ರೂಪಾಯಿ ಮಾಲೀಕರದೇ ಹೊರೆ. ಹಳೆಯ ಯಂತ್ರ ತಾನಾಗಿ ಕೆಟ್ಟರೆ ಅದಕ್ಕೆ ವಿಮೆಯೇ ಇಲ್ಲ.

ವರ್ಷದ ಬಹುಭಾಗ ಶೆಡ್ಡಿನಲ್ಲಿಯೇ ಇರುವ ವಾಹನಕ್ಕೆ, ಬಳಕೆಯಿಲ್ಲದೆ ನಿಲ್ಲಿಸಿದ ಅವಧಿಯ ಹಿಂಬರಹಗಳು (ಐಎಂಟಿ 11 ಎ ಮತ್ತು ಬಿ), ರ‍್ಯಾಲಿಗೆ ಹೋಗುವವರಿಗೆ ಐಎಂಟಿ 31, ಮಾನ್ಯತೆ ಪಡೆದ ಆಟೋಮೊಬೈಲ್ ಸಂಘದ ಸದಸ್ಯರಿಗೆ ಐಎಂಟಿ 8 ಇವೆಯೇ ಎಂದು ಕೇಳಬಹುದು. ರ‍್ಯಾಲಿಯ ಹಿಂಬರಹವನ್ನು ಹೊರಡುವ ಮುನ್ನ ಪಡೆಯಬೇಕೇ ಹೊರತು ಮರಳಿ ಬಂದ ಮೇಲಲ್ಲ.

ಮೌಲ್ಯದ ಕುರಿತು ಕಂಪನಿಯೊಡನೆ ಸಹಮತಿ ಏರ್ಪಡದಿದ್ದರೆ ಬೇರೆ ಕಂಪನಿಯನ್ನು ಕೇಳಲು ಮಾಲೀಕರು ಸ್ವತಂತ್ರರು. ಪರಿಹಾರದ ವಿಷಯದಲ್ಲಿ ವಿವಾದ ಉಂಟಾದಲ್ಲಿ ಮೊದಲು ಕಂಪನಿಗೆ ಲಿಖಿತ ದೂರು ಸಲ್ಲಿಸಿ, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ಒಂದು ವರ್ಷದೊಳಗೆ ಜೆ.ಪಿ. ನಗರದ ಜೀವನ ಸೌಧದಲ್ಲಿರುವ ವಿಮಾ ಲೋಕಪಾಲರ ಕಚೇರಿಗೆ ದೂರು ನೀಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. 50 ಲಕ್ಷ ರೂಪಾಯಿವರೆಗಿನ ಪರಿಹಾರದ ವಿವಾದಗಳನ್ನು ಅಲ್ಲಿ ಪರಿಶೀಲಿಸಲಾಗುತ್ತದೆ.

ಚಾಮರಾಜಪೇಟೆಯ ಇಕ್ಕಟ್ಟಾದ ರಸ್ತೆಗಳಲ್ಲಿ ಹೊದಿಕೆ ಹೊದಿಸಿ ಮನೆಮುಂದೆ ನಿಲ್ಲಿಸಿರುವ, ಓಡದ ಕಾರುಗಳ ಮಾಲೀಕರು ಗಮನಿಸತಕ್ಕದ್ದು: ರಸ್ತೆಯ ಬದಿ ಸಾರ್ವಜನಿಕ ಸ್ಥಳವಾಗಿದ್ದು, ಅಧಿನಿಯಮದ ಪ್ರಕರಣ 146ರಂತೆ ಸಾರ್ವಜನಿಕ ಸ್ಥಳದಲ್ಲಿ ಬಳಸುವ ವಾಹನಕ್ಕೆ ಮೂರನೇ ವ್ಯಕ್ತಿ ವಿಮೆ ಕಡ್ಡಾಯ. ವಿಮೆಯಿಲ್ಲದೆ ಓಡಿಸಿದಲ್ಲಿ ಪ್ರಕರಣ 196ರ ಮೇರೆಗೆ ಮೊದಲ ಬಾರಿಗೆ 2,000 ರೂಪಾಯಿ, ಮತ್ತೊಮ್ಮೆ ಆದಲ್ಲಿ 4,000 ರೂಪಾಯಿ ದಂಡ ಅಥವಾ 3 ತಿಂಗಳವರೆಗಿನ ಕಾರಾವಾಸ ಅಥವಾ ಎರಡನ್ನೂ ವಿಧಿಸಬಹುದು. ಸ್ವಂತ ಹಾನಿ ಪಾಲಿಸಿಯ ಅವಧಿ ಮುಗಿದು 90 ದಿನ ಮೀರಿದರೆ ಕ್ಲೇಮು ರಹಿತ ವರ್ಷಗಳ ಬೋನಸ್ ತಪ್ಪಿಹೋಗುತ್ತದೆ.